ಗಡಿಯ ಮಕ್ಕಳಿಗೆ ಕಸುಬಿನ ಕಲಿಕೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದಂದು ಹಳಗನ್ನಡ ಕಾವ್ಯವನ್ನು ಕುರಿತು ನಾಲ್ಕು ಮಾತನಾಡುವುದು ನಮ್ಮ ವಾಡಿಕೆ. ಈ ಸಲ ಅದನ್ನು ಬಿಟ್ಟು ಒಂದು ಮಸೂದೆಯನ್ನು ಕೈಗೆತ್ತಿಕೊಂಡಿದ್ದೇವೆ. ಹತ್ತನೆಯ ತರಗತಿ ಮುಗಿಸಿದ ಮಗನನ್ನು ಕರೆದುಕೊಂಡು ತಂದೆಯೊಬ್ಬರು ಬಂದು, "ಮೇಷ್ಟ್ರೆ, ಇವನು ಇನ್ನು ಎಲ್ಲಿಗೆ ಹೋಗಬೇಕು?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಕೊರತೆಯೇ ಈ ಮಾತಿಗೆ ಕಾರಣ.

2024ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಕರ್ನಾಟಕದ ಮಂತ್ರಿಮಂಡಲವು ಸ್ಥಳೀಯರ ಉದ್ಯೋಗದ ಮಸೂದೆಯೊಂದಕ್ಕೆ ಒಪ್ಪಿಗೆಯಿತ್ತಿತು. ಕಾರ್ಖಾನೆ ಮೊದಲಾದವುಗಳಲ್ಲಿ ಆಡಳಿತದ ಹುದ್ದೆಗಳ ಪೈಕಿ ನೂರಕ್ಕೆ 50ನ್ನೂ ಉಳಿದವುಗಳ ಪೈಕಿ ನೂರಕ್ಕೆ 70ನ್ನೂ ಸ್ಥಳೀಯರಿಗೆ ಕೊಡತಕ್ಕದ್ದೆಂದು ಅದು ವಿಧಿಸಿತ್ತು. ಉದ್ಯಮಿಗಳು ವಿರೋಧಿಸಿದರು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಜನರು ಈ ಅಂಕಿಗಳನ್ನೇ ಹಿಡಿದು ಜಗ್ಗಾಡಿದರು. ನಮ್ಮ ಕಣ್ಣಿಗೆ ಬಿದ್ದುದು ಬೇರೊಂದು ವಿಧಿ. ತಕ್ಕ ಯೋಗ್ಯತೆಯ ಸ್ಥಳೀಯರು ದೊರೆಯದಿದ್ದರೆ, ಸರ್ಕಾರದ ಸಹಕಾರದೊಡನೆ 3 ವರ್ಷಗಳೊಳಗೆ ಅವರಿಗೆ ತರಬೇತಿ ಕೊಡಲು ಸಂಸ್ಥೆಗಳು ಕ್ರಮ ಕೈಗೊಳ್ಳಬೇಕು. "ಬಲ್ಲವರು ಸಿಕ್ಕಲಿಲ್ಲ" ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ, ಕಲಿಸಬೇಕು. ಇದು ಬೆಲೆಯುಳ್ಳ ಮಾತು.

ಆದರೆ ಸ್ಥಳೀಯನೆಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ನೆಲಸಿ, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು. ಪಾಲಮಲೆಯಲ್ಲಿ ಹುಟ್ಟಿ ಕನ್ನಡದಲ್ಲಿ ಓದಿದ ಮಗು ಮೂರನೆಯದರಲ್ಲಿ ನಿಸ್ಸಂದೇಹವಾಗಿ ಗೆಲ್ಲುತ್ತದೆ; ಮೊದಲನೆಯದರಲ್ಲಿ ತೊಟ್ಟಿಲಿನಲ್ಲೇ ಸೋತಿರುತ್ತದೆ. ಮಾದೇಶ್ವರನ ಬೆಟ್ಟಕ್ಕೆ ಹೋಗುವಾಗ ಪಾಲಾರಿನ ಬಳಿ ನಾವೆಲ್ಲ ದಾಟುವ ಆ ಗಡಿ ಅಲ್ಲಿ ನಿಂತುದು ಮಗುವಿನ ತಪ್ಪೆ? ವೃತ್ತಿಶಿಕ್ಷಣದ ಕಾಲೇಜುಗಳ ಪ್ರವೇಶದಲ್ಲಿಯೂ ಗಡಿನಾಡಿನವರೆಂಬ ನಿಯಮವುಂಟು. ಅದರಲ್ಲಿ ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜಗಳ ಹೆಸರಿವೆ. ಸೇಲಂ, ಧರ್ಮಪುರಿಗಳ ಹೆಸರಿಲ್ಲ.

ಇತ್ತ ತಮಿಳುನಾಡು 2006ರ ಕಾಯಿದೆಯಿಂದ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿತು. 2021ರ ಆದೇಶವು ಸರ್ಕಾರಿ ನೇಮಕದ ಪರೀಕ್ಷೆಗಳಿಗೂ ತಮಿಳು ಪತ್ರಿಕೆಯನ್ನು ಕಡ್ಡಾಯ ಮಾಡಿತು. ಬಾಳುವ ನಾಡಿನ ಮಾತನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಲಿ. ಕನ್ನಡ ಪಂಡಿತರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಆದರೆ ಅರವನ್ನು ಹಿಡಿಯುವ ಬಗೆ, ಅಳತೆಯನ್ನು ಓದುವ ಬಗೆ, ಇಂತಹ ಮೊದಲ ಪಾಠಗಳನ್ನು ಮನೆಮಾತಿನಲ್ಲಿ ಕೇಳಿದ ಹುಡುಗ ಬೇಗ ಕಲಿಯುತ್ತಾನೆ.

ನಮ್ಮ ಮನೆಗಳ ತಪ್ಪನ್ನೂ ಮುಚ್ಚಿಡಬಾರದು. ಕಾರ್ಖಾನೆಯಲ್ಲಿಯೇ ಸಂಭಾವನೆ ಪಡೆಯುತ್ತ ಕಸುಬು ಕಲಿಯುವ ದಾರಿಯನ್ನು 1961ರ ಅಪ್ರೆಂಟಿಸ್ ಕಾಯಿದೆ ದೇಶಕ್ಕೆಲ್ಲ ಹಾಕಿಕೊಟ್ಟಿದೆ. ಅದನ್ನು ನಾವು ತಿಳಿಸಿದಾಗ, ಆ ಹುಡುಗನ ತಂದೆ, "ಅರ ಉಜ್ಜುವುದಕ್ಕೆ ಇಷ್ಟು ಓದಿಸಿದೆನೆ?" ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ನಾವು ಹುದ್ದೆಯಲ್ಲಿ ಪಾಲು ಬೇಡುತ್ತಿಲ್ಲ. ಆ ಮಸೂದೆ ಮತ್ತೆ ಮೇಲೆದ್ದರೆ, ತರಬೇತಿಯ ವಿಧಿಯ ಮಟ್ಟಿಗಾದರೂ ಹುಟ್ಟಿದ ಊರನ್ನು ಬಿಟ್ಟು ಕಲಿತ ಭಾಷೆಯನ್ನು ನೋಡಬೇಕೆಂದು ಕರ್ನಾಟಕವನ್ನೂ, ಗಡಿ ತಾಲ್ಲೂಕುಗಳ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಮೊದಲ ವರ್ಷಕ್ಕೆ ಕನ್ನಡದ ಕೈಪಿಡಿಯನ್ನು ಒದಗಿಸಬೇಕೆಂದು ತಮಿಳುನಾಡನ್ನೂ ಕೇಳೋಣ. ಎರಡು ಮನವಿಗಳ ಕರಡನ್ನೂ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇವೆ. ಊಟಕ್ಕೆ ಏಳುವ ಮುನ್ನ ಓದಿ, ತಪ್ಪಿದ್ದರೆ ತಿದ್ದಿ, ರುಜು ಹಾಕಬೇಕು. ರುಜು ಬಾರದ ಅಜ್ಜಂದಿರ ಹೆಬ್ಬೆಟ್ಟೂ ನಮಗೆ ಬೇಕು.