ಪಾತ್ರದ ಅಳತೆ



ಮಾಗಡಿ ಹತ್ತಿರದ ಸಾವನದುರ್ಗದ ಬಂಡೆಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಡೇವಿಡ್ ಲೀನ್ ನಿರ್ದೇಶನದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಗಳ ದೃಶ್ಯ ತೆಗೆದದ್ದು ಅಲ್ಲಿ, ಮತ್ತು ರಾಮನಗರದ ಬೆಟ್ಟಗಳಲ್ಲಿ. ಆ ಚಿತ್ರದ ಮಿಸೆಸ್ ಮೂರ್ ಪಾತ್ರಕ್ಕೆ 1985ರಲ್ಲಿ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂತು. ಪಡೆದವರು ಇಂಗ್ಲೆಂಡಿನ ಪೆಗ್ಗಿ ಆಶ್‌ಕ್ರಾಫ್ಟ್. ಆಗ ಅವರಿಗೆ 77 ವರ್ಷ.

ಸಿನಿಮಾ ನೋಡುವ ಅನೇಕರಿಗೆ ಅದು ಹೊಸ ಹೆಸರು. ಲಂಡನ್ನಿನ ನಾಟಕಪ್ರಿಯರಿಗೆ ಮಾತ್ರ ಅರ್ಧ ಶತಮಾನದ ಪರಿಚಯ. 1907ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟಿದ ಪೆಗ್ಗಿ, ಹದಿನೆಂಟರಲ್ಲೇ ರಂಗ ಹತ್ತಿದವರು. 1930ರಲ್ಲಿ ‘ಒಥೆಲೋ’ ನಾಟಕದಲ್ಲಿ, ಕಪ್ಪು ನಟ ಪಾಲ್ ರೋಬ್ಸನ್ ಅವರ ಒಥೆಲೋಗೆ ಹೆಂಡತಿ ಡೆಸ್ಡಿಮೋನಾ ಆದರು. ಕಪ್ಪು ನಟನ ಹೆಂಡತಿಯಾಗಿ ಬಿಳಿಯ ಹುಡುಗಿ ರಂಗದ ಮೇಲೆ ನಿಂತದ್ದನ್ನು ಸಹಿಸದವರು ಬೈದು ಕಾಗದ ಬರೆದರು.

1935ರಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’. ನಟರಾದ ಜಾನ್ ಗಿಲ್ಗುಡ್ ಮತ್ತು ಲಾರೆನ್ಸ್ ಒಲಿವಿಯರ್, ರೋಮಿಯೋ ಮತ್ತು ಮರ್ಕ್ಯೂಶಿಯೋ ಪಾತ್ರಗಳನ್ನು ಪ್ರದರ್ಶನಗಳ ನಡುವೆ ಅದಲುಬದಲು ಮಾಡಿಕೊಂಡರು. ಜೂಲಿಯೆಟ್ ಮಾತ್ರ ಬದಲಾಗಲಿಲ್ಲ, ಅದು ಪೆಗ್ಗಿಯವರದೇ. ಅದೇ ವರ್ಷ ಹಿಚ್‌ಕಾಕ್ ಅವರ ‘ದಿ 39 ಸ್ಟೆಪ್ಸ್’ ಚಿತ್ರದಲ್ಲಿ ಅವರು ಸ್ಕಾಟ್ಲೆಂಡಿನ ಬಡ ರೈತನ ಹೆಂಡತಿ. ಕೆಲವೇ ನಿಮಿಷಗಳ ಪಾತ್ರ. ಮಾತು ಕಡಿಮೆ. ಗಂಡನ ಭಯ, ಊರಾಚೆ ಬದುಕಿನ ಹಂಬಲ ಎರಡೂ ಆ ಕಣ್ಣುಗಳಲ್ಲಿವೆ. ಇಂದಿಗೂ ಆ ಚಿತ್ರ ನೋಡಿದವರು ಅವಳನ್ನು ಮರೆಯುವುದಿಲ್ಲ.

ಹೆಸರು ಗಳಿಸಿದವರು ಸಾಮಾನ್ಯವಾಗಿ ತಮ್ಮ ಸುತ್ತ ನಾಟಕ ಕಟ್ಟಿಸಿಕೊಳ್ಳುತ್ತಾರೆ. ಪೆಗ್ಗಿ ಹಾಗೆ ಮಾಡಲಿಲ್ಲ. 1960ರಲ್ಲಿ ನಿರ್ದೇಶಕ ಪೀಟರ್ ಹಾಲ್ ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಕಾಯಂ ನಟರ ತಂಡ ಕಟ್ಟಲು ಹೊರಟಾಗ, ಮೊದಲಿಗೇ ಜೊತೆಯಾದರು. ಅದೇ ರಾಯಲ್ ಷೇಕ್ಸ್‌ಪಿಯರ್ ಕಂಪನಿ. ಅಲ್ಲಿ 1963ರ ‘ದಿ ವಾರ್ಸ್ ಆಫ್ ದಿ ರೋಸಸ್’ ನಾಟಕಸರಣಿಯಲ್ಲಿ ರಾಣಿ ಮಾರ್ಗರೆಟ್ ಆಗಿ, ಹರೆಯದ ವಧುವಿನಿಂದ ಶಾಪ ಹಾಕುವ ಮುದುಕಿಯವರೆಗೆ ಒಂದಿಡೀ ಆಯುಷ್ಯವನ್ನೇ ಅಭಿನಯಿಸಿದರು. ಆಗ ಅವರಿಗೆ ಐವತ್ತೈದು.

ಅವರು ತೀರಿಕೊಂಡದ್ದು 1991ರಲ್ಲಿ. ಜೂಲಿಯೆಟ್‌ಗೆ ಕೊಟ್ಟ ಶ್ರದ್ಧೆಯನ್ನೇ ಅವರು ಆ ಬಡ ರೈತನ ಹೆಂಡತಿಗೂ ಕೊಟ್ಟರು. ಪಾತ್ರ ಎಷ್ಟು ದೊಡ್ಡದು ಎಂಬುದನ್ನು ಬರೆದವರು ತೀರ್ಮಾನಿಸುತ್ತಾರೆ. ಅದನ್ನು ಎಷ್ಟು ಚೆನ್ನಾಗಿ ಮಾಡಬೇಕೆಂಬ ತೀರ್ಮಾನ ನಟರದು. ಇವತ್ತು ನಿಮ್ಮ ಪಾಲಿಗೆ ಬರುವ ಕೆಲಸ ಹತ್ತು ನಿಮಿಷದ್ದೇ ಇರಬಹುದು, ಯಾರೂ ಗಮನಿಸದೆಯೂ ಇರಬಹುದು. ಆದರೂ ಪೂರ್ತಿ ತಯಾರಾಗಿಯೇ ಅದಕ್ಕೆ ಕೈ ಹಾಕಿ.