ಸ್ವಿಸ್ ಗಡಿಯಾರ: ಬೆಲೆ ಯಾವುದಕ್ಕೆ?



ಹಲವು ಲಕ್ಷ ರೂಪಾಯಿ ಬೆಲೆಯ ಯಾಂತ್ರಿಕ ಸ್ವಿಸ್ ಕೈಗಡಿಯಾರ ಒಂದು. ಕೆಲವೇ ನೂರು ರೂಪಾಯಿಯ ಬ್ಯಾಟರಿ ಗಡಿಯಾರ ಇನ್ನೊಂದು. ಎರಡಕ್ಕೂ ಒಂದೇ ವೇಳೆ ಹೊಂದಿಸಿ, ಒಂದು ತಿಂಗಳು ಬಿಟ್ಟು ನೋಡಿದರೆ ಯಾವುದು ಹೆಚ್ಚು ಸರಿಯಾಗಿರುತ್ತದೆ? ಸಾಮಾನ್ಯವಾಗಿ ಅಗ್ಗದ್ದೇ! ಇದು ಹೇಗೆಂದು ನೋಡೋಣ.

ಯಾಂತ್ರಿಕ ಗಡಿಯಾರದೊಳಗೆ ಸುರುಳಿ ಸುತ್ತಿದ ಒಂದು ಸ್ಪ್ರಿಂಗ್ ಇದೆ. ಕೀ ಕೊಟ್ಟಾಗ ಬಿಗಿಯಾಗುವ ಅದು ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಅತ್ತಿತ್ತ ತೂಗುವ ಪುಟ್ಟ ಚಕ್ರವೊಂದು ಈ ಓಟಕ್ಕೆ ಲಗಾಮು ಹಾಕುತ್ತದೆ. ಇಂದಿನ ಅನೇಕ ಗಡಿಯಾರಗಳಲ್ಲಿ ಸೆಕೆಂಡಿಗೆ 8 ಬಡಿತ. ಶಾಖ, ಗುರುತ್ವಾಕರ್ಷಣೆ, ಒಳಗಿನ ಎಣ್ಣೆ ಎಲ್ಲವೂ ಈ ಬಡಿತವನ್ನು ಅಲುಗಿಸುತ್ತವೆ. ಆದ್ದರಿಂದಲೇ ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೊನೊಮೀಟರ್ ಪರೀಕ್ಷೆಯಲ್ಲಿ, ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಬಿದ್ದರೂ, 6 ಸೆಕೆಂಡು ಮುಂದೆ ಓಡಿದರೂ ಗಡಿಯಾರ ಪಾಸು!

ಇನ್ನು ಕ್ವಾರ್ಟ್ಸ್ ಗಡಿಯಾರ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದರು. ತಿರುಗಿಸಿ ಹೇಳಿದರೆ, ಅಂಥ ಹರಳನ್ನು ವಿದ್ಯುತ್ತಿನಿಂದ ಕಂಪಿಸುವಂತೆಯೂ ಮಾಡಬಹುದು. ಗಡಿಯಾರದ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಏಕೆ ಈ ವಿಚಿತ್ರ ಸಂಖ್ಯೆ? 15 ಸಲ ಅರ್ಧ ಮಾಡಿ ನೋಡಿ, ಸರಿಯಾಗಿ 1 ಉಳಿಯುತ್ತದೆ. ಆ ಒಂದೇ ನಿಮ್ಮ ಸೆಕೆಂಡಿನ ಮುಳ್ಳಿನ ಒಂದು ಹೆಜ್ಜೆ. ತಪ್ಪುವುದು ತಿಂಗಳಿಗೆ ಸುಮಾರು 15 ಸೆಕೆಂಡು ಮಾತ್ರ.

ಸ್ವಾರಸ್ಯವೆಂದರೆ, ಸ್ವಿಸ್ ತಯಾರಕರಿಗೆ ಈ ವಿದ್ಯೆ ಹೊಸದಾಗಿರಲಿಲ್ಲ. ಅವರು ಕೂಡಿ ಕಟ್ಟಿದ ನ್ಯೂಶಾಟೆಲ್‌ನ ಪ್ರಯೋಗಾಲಯದಲ್ಲಿ 1967ರಲ್ಲೇ ಕ್ವಾರ್ಟ್ಸ್ ಕೈಗಡಿಯಾರದ ಮಾದರಿ ಸಿದ್ಧವಾಗಿತ್ತು. ಆದರೆ ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೈಕೊ, 1969ರ ಡಿಸೆಂಬರ್ 25ರಂದು. ಆಗ ಅದರ ಬೆಲೆ ನಾಲ್ಕೂವರೆ ಲಕ್ಷ ಯೆನ್. ಒಂದು ಸಣ್ಣ ಕಾರಿನ ಬೆಲೆ! ಎಲೆಕ್ಟ್ರಾನಿಕ್ಸ್ ಅಗ್ಗವಾದಂತೆ ಬೆಲೆ ಬಿತ್ತು, ಸ್ವಿಸ್ ಕಾರ್ಖಾನೆಗಳು ಮುಚ್ಚತೊಡಗಿದವು. 1970ರಲ್ಲಿ ಅಲ್ಲಿ ಸುಮಾರು 90,000 ಮಂದಿಗೆ ಗಡಿಯಾರದಿಂದ ಅನ್ನ ಸಿಗುತ್ತಿತ್ತು. 1980ರ ದಶಕದ ನಡುವೆ ಉಳಿದವರು ಮೂರನೆಯ ಒಂದು ಪಾಲಿನಷ್ಟು. ಜೂರಾ ಬೆಟ್ಟದ ಊರುಗಳಲ್ಲಿ ತಲೆತಲಾಂತರದ ಕಸುಬು ಬಲ್ಲವರು ಕೆಲಸ ಕಳೆದುಕೊಂಡರು.

ಉದ್ಯಮ ಚೇತರಿಸಿಕೊಂಡದ್ದು ಎರಡು ದಾರಿಗಳಲ್ಲಿ. ಒಂದು, 1983ರಲ್ಲಿ ಬಂದ, ಕೇವಲ 51 ಬಿಡಿಭಾಗಗಳ ಪ್ಲಾಸ್ಟಿಕ್ ಕ್ವಾರ್ಟ್ಸ್ ಗಡಿಯಾರ ಸ್ವಾಚ್. ಇನ್ನೊಂದು, ಯಾಂತ್ರಿಕ ಗಡಿಯಾರವನ್ನು ಕಲಾವಸ್ತುವಾಗಿ ಮಾರುವುದು. ಈ ಎರಡನೆಯದರ ಬೇರು ಹಳೆಯದು. ಜಿನೀವಾದ ಪಾಟೆಕ್ ಫಿಲಿಪ್ 1868ರಲ್ಲಿ ಹಂಗೆರಿಯ ಶ್ರೀಮಂತ ಮಹಿಳೆಯೊಬ್ಬರಿಗಾಗಿ ಮಾಡಿದ ಕೈಗಡಿಯಾರ ಬಳೆಯಂಥ ಆಭರಣವೇ ಆಗಿತ್ತು. ಗಂಡಸರ ಗಡಿಯಾರ ಜೇಬಿನಿಂದ ಮಣಿಕಟ್ಟಿಗೆ ವ್ಯಾಪಕವಾಗಿ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಇಂದಿಗೂ ಹೆಂಗಸರ ಎಷ್ಟೋ ದುಬಾರಿ ಸ್ವಿಸ್ ಗಡಿಯಾರಗಳ ಒಳಗಿರುವುದು ಕ್ವಾರ್ಟ್ಸ್ ಯಂತ್ರವೇ. ಹೊರಗೆ ಚಿನ್ನ, ವಜ್ರ.

ಹೊಸದನ್ನು ಕಂಡುಹಿಡಿದರೆ ಸಾಲದು, ಅದನ್ನು ನಂಬಿ ಮುನ್ನಡೆಯಲೂ ಬೇಕು ಎಂಬುದು ಇಲ್ಲಿನ ಒಂದು ಪಾಠ. ಇನ್ನೊಂದು ನಿಮ್ಮ ಪಾಲಿಗೆ: ಮುಂದೆ ಇಂಥ ಗಡಿಯಾರದ ಜಾಹೀರಾತು ಕಂಡಾಗ, ಈ ಬೆಲೆ ವೇಳೆಗೋ, ಕೈಕೆಲಸಕ್ಕೋ, ಬರಿಯ ಹೆಸರಿಗೋ ಎಂದು ಕೇಳಿಕೊಳ್ಳಿ. ಕುಶಲ ಕೈಗಳ ದುಡಿಮೆಯನ್ನು ಮೆಚ್ಚೋಣ. ಆದರೆ ವೇಳೆಗೆ ಸರಿಯಾಗಿ ತರಗತಿಗೆ ಬರಲು, ನೂರು ರೂಪಾಯಿಗಳ ಗಡಿಯಾರವೇ ಧಾರಾಳವಾಗಿ ಸಾಕು!