ವಕೀಲೆಯ ಬೆನ್ನಿಗೆ ಯಾರಿದ್ದಾರೆ?

(ಕಾರವಾರದಲ್ಲಿ ಮಹಿಳಾ ಕಾರ್ಯಕರ್ತೆಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಕೀಲೆಯಲ್ಲ. ಅಂಕೋಲೆಯಲ್ಲಿ ಮಹಿಳಾ ಸಂಘದ ಕೆಲಸ ಮಾಡುವವಳು. ಗಂಡನ ಮನೆಯಲ್ಲಿ ಪೆಟ್ಟು ತಿಂದು ಬಂದ ಹೆಣ್ಣುಮಕ್ಕಳ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗಿ ಬರುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಲೆಂದೇ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಗೋವೆಗೆ ಮದುವೆಯಾಗಿ ಹೋಗಿದ್ದ ನಮ್ಮ ಕಡೆಯ ಮೀನುಗಾರರ ಹುಡುಗಿಯೊಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡು, ಮಡಗಾಂವಿನಲ್ಲಿ ರೈಲು ಹತ್ತಿ ತವರಿಗೆ ಬಂದಳು. ಕೊಟ್ಟ ಬಂಗಾರ ಸಾಲದೆಂದು, ದೋಣಿಯ ಇಂಜಿನ್ನಿಗೆ ಹಣ ತಾ ಎಂದು ಗಂಡ ಹೊಡೆಯುತ್ತಿದ್ದ. ಅವಳು ಕೇಳಿದ ಮೊದಲ ಮಾತು: "ಅಕ್ಕಾ, ಕೇಸು ಹಾಕಲು ಮತ್ತೆ ಗೋವೆಗೇ ಹೋಗಬೇಕಾ?"

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹೇಳಿದವಳು ಆಗಷ್ಟೇ ಕರಿಕೋಟು ಹಾಕಿದ್ದ ಒಬ್ಬ ಯುವ ವಕೀಲೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ 27ನೇ ಕಲಮಿನ ಪ್ರಕಾರ, ಹೆಣ್ಣು ತಾತ್ಕಾಲಿಕವಾಗಿ ಉಳಿದುಕೊಂಡ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. 498ಎ ಕಲಮಿನ ಕ್ರೌರ್ಯದ ದೂರನ್ನೂ ಆಶ್ರಯ ಪಡೆದ ಊರಿನಲ್ಲೇ ಕೊಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. 2024ರ ಜುಲೈ 1ರಿಂದ ಆ ಕಲಂ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿವೆ.

ಆದರೆ ಕಲಂ ಗೊತ್ತಿದ್ದರೆ ಸಾಕೇ? ಹುಡುಗಿ ಮಾತಾಡುವುದು ಕೊಂಕಣಿ. ಹಾಲಕ್ಕಿ ಹೆಂಗಸು ಬಂದರೆ ಅವಳ ಕನ್ನಡವೇ ಬೇರೆ. "ಹೊಡೆದ, ಬೈದ" ಎಂದಷ್ಟೇ ಹೇಳಿ ಅವರು ಸುಮ್ಮನಾಗುತ್ತಾರೆ. ಯಾವ ದಿನ, ಯಾವುದರಿಂದ ಹೊಡೆದ, ನೋಡಿದವರು ಯಾರು, ಬಂಗಾರ ಈಗ ಯಾರ ಪೆಟ್ಟಿಗೆಯಲ್ಲಿದೆ ಎಂದು ವಕೀಲೆ ಒಂದೊಂದಾಗಿ ಕೇಳಿ ಬರೆದುಕೊಳ್ಳಬೇಕು. ದಿನ ನೆನಪಿಲ್ಲದಿದ್ದರೆ "ಗಣೇಶ ಹಬ್ಬದ ಮುಂಚೆಯೋ, ಆಮೇಲೋ?" ಎಂದು ಕೇಳಬೇಕು. ಹಾಸಿಗೆಯಲ್ಲಿ ನಡೆದ ಹಿಂಸೆಯನ್ನು ಮೊದಲ ದಿನವೇ ಯಾವ ಹೆಣ್ಣೂ ಬಾಯಿಬಿಟ್ಟು ಹೇಳುವುದಿಲ್ಲ. ಇಷ್ಟೆಲ್ಲ ಬರೆಯದಿದ್ದರೆ ಪಾಟೀಸವಾಲಿನಲ್ಲಿ ಅರ್ಜಿ ನಿಲ್ಲುವುದಿಲ್ಲ. ಇದು ಅರ್ಧ ಗಂಟೆಯ ಕೆಲಸವಲ್ಲ. ಮೂರು ನಾಲ್ಕು ಮಧ್ಯಾಹ್ನಗಳ ಕೆಲಸ.

ಆ ವಕೀಲೆ ಅದನ್ನೆಲ್ಲ ಮಾಡಿದಳು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕು, 60 ದಿನಗಳಲ್ಲಿ ತೀರ್ಮಾನಕ್ಕೆ ಪ್ರಯತ್ನಿಸಬೇಕು ಎನ್ನುತ್ತದೆ ಕಾಯಿದೆ. ನಮಗೆ ಸಿಕ್ಕಿದ್ದು ತಾರೀಖಿನ ಮೇಲೆ ತಾರೀಖು. ಅಂಕೋಲೆಗೂ ಕಾರವಾರಕ್ಕೂ ನಡುವಿನ ಬಸ್ಸಿನ ಖರ್ಚು, ಟೈಪಿಂಗ್, ಝೆರಾಕ್ಸ್ ಎಲ್ಲ ಅವಳ ಕೈಯಿಂದಲೇ ಹೋಯಿತು. ಗಂಡನ ಕಡೆಯವರು ಅವಳ ಮನೆಗೇ ಬಂದು ಬೆದರಿಸಿದರು. "ಸಂಸಾರ ಮುರಿಯುವವಳು" ಎಂಬ ಹೆಸರು ಬಂತು. ಹಿರಿಯ ವಕೀಲರೊಬ್ಬರು, "ಇಂಥ ಕೇಸು ಹಿಡಿದರೆ ಹೊಟ್ಟೆ ತುಂಬುವುದಿಲ್ಲ ತಂಗಿ" ಎಂದು ಬುದ್ಧಿ ಹೇಳಿದರು.

ನಾವೇನು ಮಾಡಿದೆವು? ರಾತ್ರಿ ಹನ್ನೊಂದಕ್ಕೂ ಅವಳಿಗೆ ಫೋನ್ ಮಾಡಿದೆವು. ಮತ್ತೆ ನಾಲ್ಕು ಹೆಣ್ಣುಮಕ್ಕಳನ್ನು ಕಳಿಸಿದೆವು. "ಊಟ ಆಯ್ತೇನೇ?" ಎಂದು ಒಮ್ಮೆಯೂ ಕೇಳಲಿಲ್ಲ. ಮೂರನೆಯ ವರ್ಷ ಅವಳು ವಕೀಲಿ ಬಿಟ್ಟು ಬೇರೆ ಊರಿನಲ್ಲಿ ನೌಕರಿಗೆ ಸೇರಿದಳು. ಹುಡುಗಿ ಹೊಸ ವಕೀಲರ ಮುಂದೆ ಮತ್ತೆ ಮೊದಲಿನಿಂದ ಎಲ್ಲ ಹೇಳಲಾರದೆ, ರಾಜಿಗೆ ಹೆಬ್ಬೆಟ್ಟು ಒತ್ತಿ ಅದೇ ಮನೆಗೆ ಮರಳಿದಳು. ಆ ದಿನ ಸ್ಟೇಷನ್ನಿನಲ್ಲಿ ಅವಳನ್ನು ರೈಲು ಹತ್ತಿಸಿದವಳು ನಾನೇ.

ಫ್ಲೇವಿಯಾ ಆಗ್ನೆಸ್ ಅವರ ಹೆಸರು ನಿಮಗೆ ಗೊತ್ತಿದೆ. ಮಂಗಳೂರಿನಲ್ಲಿ ಬೆಳೆದ ಅವರು ಮುಂಬಯಿಯ ಸಂಸಾರದಲ್ಲಿ ವರ್ಷಗಟ್ಟಲೆ ಹೊಡೆತ ತಿಂದರು. ಹೊರಬಂದ ಮೇಲೆ ಕಾನೂನು ಓದಿ ವಕೀಲೆಯಾದರು. 1990ರ ದಶಕದ ಆರಂಭದಲ್ಲಿ 'ಮಜ್ಲಿಸ್' ಕಾನೂನು ಕೇಂದ್ರ ಕಟ್ಟಿದರು. ಅಲ್ಲಿ ವಕೀಲೆಯರು ಒಂದು ತಂಡವಾಗಿ ಕೆಲಸ ಮಾಡುತ್ತಾರೆ. ಒಬ್ಬಳೇ ಎಲ್ಲವನ್ನೂ ಹೊರಬೇಕಾಗಿಲ್ಲ. ನಾವು ಕಲಿಯಬೇಕಾದ್ದು ಅದನ್ನೇ.

ಸರಕಾರದ ದಾರಿಯೂ ಇದೆ. 1987ರ ಕಾನೂನು ಸೇವೆಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಮಹಿಳೆಗೂ ಉಚಿತ ವಕೀಲರು ಸಿಗಬೇಕು. ಆದರೆ ಉಚಿತವೆಂಬುದು ಕಕ್ಷಿದಾರಳಿಗೆ. ವಕೀಲೆ ಉಪವಾಸ ಇರಬೇಕೆಂದಲ್ಲ. ಆ ಸಂಭಾವನೆ ಹೆಚ್ಚಾಗಲಿ, ಹೊತ್ತಿಗೆ ಸರಿಯಾಗಿ ಸಿಗಲಿ ಎಂದು ನಾವೇ ಕೇಳಬೇಕು. ಹೈಕೋರ್ಟಿನ ಕೆಲಸಕ್ಕೆ ಮೊದಲು ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಬಂತು. ಅದಕ್ಕೂ ಘಟ್ಟ ಹತ್ತಲೇಬೇಕು, ಖರ್ಚು ಬೇಕೇ ಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಸಂಘವೂ ತಿಂಗಳಿಗಿಷ್ಟು ಎಂದು ಒಂದು ಖರ್ಚಿನ ಡಬ್ಬಿ ಇಡಲಿ: ಬಸ್ಸಿಗೆ, ಟೈಪಿಂಗಿಗೆ. ತಾರೀಖಿನ ದಿನ ನಮ್ಮಲ್ಲಿ ಇಬ್ಬರಾದರೂ ಕೋರ್ಟಿನ ಜಗುಲಿಯಲ್ಲಿ ಕೂತಿರಲಿ. ಹೆಣ್ಣುಮಕ್ಕಳ ಕತೆಯನ್ನು ಅವರದೇ ಮಾತಿನಲ್ಲಿ, ದಿನಾಂಕ ಹಿಡಿದು ಬರೆದುಕೊಂಡು ವಕೀಲೆಗೆ ಕೊಡಲು ನಾವು ಕಲಿಯೋಣ. ವಕೀಲೆಗೆ ಬೆದರಿಕೆ ಬಂದರೆ ಅವಳ ಜೊತೆ ಠಾಣೆಗೆ ಹೋಗೋಣ. ಕಾರವಾರ, ಅಂಕೋಲೆಯ ವಕೀಲೆಯರು ತಿಂಗಳಿಗೊಮ್ಮೆ ಕೂಡಿ ಕಷ್ಟಸುಖ ಮಾತಾಡಲು ಒಂದು ಜಾಗ ಮಾಡಿಕೊಡೋಣ.

ಈ ಸಭೆಯಲ್ಲಿ ಕಾನೂನು ಓದುತ್ತಿರುವ ಹುಡುಗಿಯರು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಇಂಥ ಕೇಸು ಹಿಡಿಯಿರಿ ಎಂದು ನಾನು ನಿಮಗೆ ಈಗಲೇ ಹೇಳಲಾರೆ. ಮೊದಲು ನಾವು ಆ ಡಬ್ಬಿ ಇಡುತ್ತೇವೆ. ಆಮೇಲೆ ನಿಮ್ಮನ್ನು ಕೇಳುತ್ತೇವೆ.